ಬಿಟ್ಟಿ ದುಡಿಮೆಗೆ ಯುವನಿಧಿ ಕೂಲಿಯಲ್ಲ!

(ವಿಜಯನಗರದ ಹೊಸಹಳ್ಳಿಯಲ್ಲಿ ಬಡಾವಣೆಯ ಯುವಕ ಯುವತಿಯರ ಮುಂದೆ ಪ್ರಿಂಟಿಂಗ್ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ ಸೇರಿದವನು. ಮದುವೆ ಕಾರ್ಡು, ಬಿಲ್ ಬುಕ್ಕು, ರಾಜ್ಯೋತ್ಸವದ ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಆದರೆ ಕೆಲಸ ಕೊಡುವವನ ಕುರ್ಚಿಯಲ್ಲಿ ಕೂತವನು. ಆ ಕಡೆಯ ಲೆಕ್ಕಾಚಾರ ನನಗೆ ಚೆನ್ನಾಗಿ ಗೊತ್ತು. ಅದನ್ನೇ ಇವತ್ತು ನಿಮ್ಮೆದುರು ಬಿಚ್ಚಿಡುತ್ತೇನೆ.

ನಿಮ್ಮಲ್ಲಿ ಅನೇಕರು ಬಿ.ಎ., ಬಿ.ಕಾಂ., ಡಿಪ್ಲೊಮಾ ಮುಗಿಸಿದ್ದೀರಿ. ಕೆಲಸ ಸಿಕ್ಕಿಲ್ಲ. ಯುವನಿಧಿಗೆ ಅರ್ಜಿ ಹಾಕಿದ್ದೀರಿ. ಮನೆಯಲ್ಲಿ ಸುಮ್ಮನೆ ಕೂತರೆ ಅಪ್ಪನ ಮುಖ ನೋಡುವುದು ಕಷ್ಟ ಎಂದು ಯಾವುದೋ ಆಫೀಸಿಗೋ ಷೋರೂಮಿಗೋ ‘ಇಂಟರ್ನ್‌ಷಿಪ್’ ಅಂತ ಸೇರಿದ್ದೀರಿ. ಸಂಬಳ ಸೊನ್ನೆ. ಬೆಳಿಗ್ಗೆ ಮೆಟ್ರೋ ಹತ್ತುವುದು, ಜೆರಾಕ್ಸ್ ತೆಗೆಯುವುದು, ಟೀ ತರುವುದು, ಕಂಪ್ಯೂಟರಿನಲ್ಲಿ ಹೆಸರು ವಿಳಾಸ ತುಂಬುವುದು, ಸಂಜೆ ಬಸವಳಿದು ಮನೆಗೆ ಬರುವುದು. ಬಾಯಿಬಿಟ್ಟು ಕೇಳಿದರೆ ಏನು ಉತ್ತರ? “ನಿನಗೆ ಸರ್ಕಾರ ದುಡ್ಡು ಕೊಡ್ತಿದೆಯಲ್ಲಪ್ಪಾ, ನಾವು ಬೇರೆ ಯಾಕೆ ಕೊಡಬೇಕು?”

ಈ ಮಾತನ್ನು ಕೇಳಿ ತಲೆ ತಗ್ಗಿಸಬೇಡಿ. ಇದಕ್ಕೆ ಉತ್ತರ ಇದೆ.

ಯುವನಿಧಿ ಯಾರ ದುಡ್ಡು?

2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಯ ಮೊದಲ ಹಣ ಹಂಚಿಕೆ ಆಯಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ. ಹೆಚ್ಚೆಂದರೆ 2 ವರ್ಷ. 3,000 ರೂಪಾಯಿಯನ್ನು ತಿಂಗಳ 26 ಕೆಲಸದ ದಿನಕ್ಕೆ ಹಂಚಿ ನೋಡಿ. ದಿನಕ್ಕೆ 115 ರೂಪಾಯಿ ಚಿಲ್ಲರೆ!

ಇದು ಕೂಲಿಯಲ್ಲ. ನೀವು ಕೆಲಸ ಹುಡುಕುವಷ್ಟು ದಿನ ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ, ಪರೀಕ್ಷೆಯ ಪುಸ್ತಕಕ್ಕೆ ಆಸರೆಯಾಗಲೆಂದು ಜನರ ತೆರಿಗೆಯಿಂದ ಬಂದ ಹಣ. ನಿಮ್ಮಿಂದ ಕೆಲಸ ಮಾಡಿಸಿಕೊಂಡು ಇದನ್ನೇ ನಿಮ್ಮ ಸಂಬಳ ಎಂದು ತೋರಿಸುವ ಮಾಲೀಕ, ತಾನು ಕೊಡಬೇಕಾದ ಕೂಲಿಯನ್ನು ಸರ್ಕಾರದ ಬೊಕ್ಕಸದಿಂದ ಕೊಡಿಸುತ್ತಿದ್ದಾನೆ. ದೇವರಾಜ ಅರಸು ಅವರ ಕಾಲದಲ್ಲಿ ನಿರುದ್ಯೋಗಿ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಸರ್ಕಾರಿ ಕಚೇರಿಗಳಲ್ಲೇ ಕೆಲಸಕ್ಕೆ ಹಚ್ಚಿದ್ದರು. ಅಲ್ಲಿ ದುಡ್ಡು ಕೊಟ್ಟವರೇ ದುಡಿಮೆಯನ್ನೂ ಪಡೆದರು. ಇಲ್ಲಿ ದುಡ್ಡು ಸರ್ಕಾರದ್ದು, ಬೆವರು ನಿಮ್ಮದು, ಲಾಭ ಮೂರನೆಯವನಿಗೆ!

ಇದು ನಮ್ಮೂರಿನ ಗೋಳು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಭೂವಿಜ್ಞಾನ ಓದಿದ ಯುವತಿಯೊಬ್ಬಳು ನಿರುದ್ಯೋಗ ಭತ್ಯೆ ಪಡೆಯುತ್ತಾ ವಸ್ತುಸಂಗ್ರಹಾಲಯವೊಂದರಲ್ಲಿ ತನಗೆ ಬೇಕಾದ ಕೆಲಸ ಕಲಿಯುತ್ತಿದ್ದಳು. 2011ರಲ್ಲಿ ಅವಳನ್ನು ಅದು ಬಿಡಿಸಿ, ಪೌಂಡ್‌ಲ್ಯಾಂಡ್ ಎಂಬ ಅಂಗಡಿಯಲ್ಲಿ ಸಂಬಳವಿಲ್ಲದೆ ಸಾಮಾನು ಜೋಡಿಸಲು, ನೆಲ ಗುಡಿಸಲು ಕಳುಹಿಸಿದರು. ಅವಳು ಕೋರ್ಟಿಗೆ ಹೋದಳು. ಕೋರ್ಟು ಅದನ್ನು ಬಲವಂತದ ದುಡಿಮೆ ಎಂದು ಒಪ್ಪಲಿಲ್ಲ. ಆದರೆ ಅವಳನ್ನು ಅಲ್ಲಿಗೆ ಕಳುಹಿಸಿದ ನಿಯಮಗಳೇ ಊರ್ಜಿತವಲ್ಲ ಎಂದು 2013ರಲ್ಲಿ ಹೇಳಿತು. ಕೇಳಿದ್ದಕ್ಕೆ ಅಷ್ಟಾದರೂ ಆಯಿತು. ಕೇಳದಿದ್ದರೆ?

ಅಪ್ರೆಂಟಿಸ್ ಅಂದರೆ ಪುಕ್ಕಟೆ ಅಲ್ಲ

“ನೀನು ಇಲ್ಲಿ ಅಪ್ರೆಂಟಿಸ್” ಎಂದು ಬಾಯಲ್ಲಿ ಹೇಳಿದರೆ ನೀವು ಅಪ್ರೆಂಟಿಸ್ ಆಗುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕರಾರು ಆಗಬೇಕು, ಅದು ನೋಂದಣಿಯಾಗಬೇಕು, ಸ್ಟೈಪೆಂಡ್ ಕೊಡಬೇಕು. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಯಿತು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4 ಜನರಿದ್ದರೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕೆಲಸದಲ್ಲಿ ಪೆಟ್ಟಾದರೆ ಪರಿಹಾರಕ್ಕೂ ಮಾಲೀಕನೇ ಹೊಣೆ. ಕಟಿಂಗ್ ಮಿಷನ್ ಮುಂದೆ ನಿಂತವರಿಗೆ ಈ ಮಾತಿನ ಬೆಲೆ ಗೊತ್ತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಈ ಕಾಯ್ದೆಯಡಿ ಸೇರಿದ ಅಪ್ರೆಂಟಿಸ್‌ನನ್ನು ನೌಕರರ ಲೆಕ್ಕದಿಂದ ಹೊರಗಿಟ್ಟಿದೆ. ಕರಾರೇ ಇಲ್ಲದೆ ನಿಮ್ಮಿಂದ ನೌಕರನ ಕೆಲಸ ಮಾಡಿಸಿದರೆ? ಆಗ ಕನಿಷ್ಠ ವೇತನದ ಪ್ರಶ್ನೆ ಎತ್ತಲು ನಿಮಗೆ ದಾರಿ ಇದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇರುವುದು ಇಂಥ ಪ್ರಶ್ನೆಗಳಿಗೇ.

ಒಂದು ಎಚ್ಚರ! ಅಪ್ರೆಂಟಿಸ್ ವೇತನ ಬಂದರೆ ಯುವನಿಧಿ ನಿಲ್ಲುತ್ತದೆ. ನಿಲ್ಲಲಿ ಬಿಡಿ, 9,000 ದೊಡ್ಡದೋ 3,000 ದೊಡ್ಡದೋ? “ಕೈಗೆ ನಗದು ಕೊಡ್ತೀನಿ, ಯುವನಿಧಿಯೂ ಬರ್ತಿರಲಿ” ಎನ್ನುವವರನ್ನು ನಂಬಬೇಡಿ. ಸೇವಾ ಸಿಂಧುವಿನಲ್ಲಿ ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಕೊಡುವವರು ನೀವು. ಸುಳ್ಳು ಬಯಲಾದರೆ ಸಿಕ್ಕಿಬೀಳುವವರೂ ನೀವೇ, ಅವರಲ್ಲ.

ಕಲಿಕೆಯೋ, ಬಿಟ್ಟಿಯೋ?

ನನ್ನ ಕಸುಬಿನಿಂದಲೇ ಹೇಳುತ್ತೇನೆ. ಫಾರಂ ಮಡಿಸುವುದು, ಹಾಳೆ ಎಣಿಸುವುದು ಕಲಿಯಲು ಕೆಲವು ದಿನ ಸಾಕು. ಆಫ್‌ಸೆಟ್ ಮಿಷನ್‌ನಲ್ಲಿ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಿಸುವುದಕ್ಕೆ ತಿಂಗಳುಗಟ್ಟಲೆ ಬೇಕು. ಮೂರು ತಿಂಗಳಾದರೂ ಹುಡುಗ ಬರೀ ಫಾರಂ ಮಡಿಸುತ್ತಿದ್ದರೆ ಅವನು ಏನೂ ಕಲಿಯುತ್ತಿಲ್ಲ. ಒಬ್ಬ ಹೆಲ್ಪರ್‌ನ ಸಂಬಳವನ್ನು ಮಾಲೀಕನಿಗೆ ಉಳಿಸುತ್ತಿದ್ದಾನೆ, ಅಷ್ಟೇ! ನಮ್ಮಂಥ ಸಣ್ಣ ಮಾಲೀಕರಿಗೂ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಮಾಡಿದ ಕೆಲಸಕ್ಕೆ ಗಿರಾಕಿಯ ಬಿಲ್ಲಿನಲ್ಲಿ ದುಡ್ಡು ಹಾಕಿದ ಮೇಲೆ, ಅದರಲ್ಲಿ ನಿಮ್ಮ ಪಾಲು ಇದ್ದೇ ಇದೆ.

ಸೇರಿ ಆಗಿದೆ, ಮನಸ್ಸಿಗೆ ಹಿಡಿಸುತ್ತಿಲ್ಲ, ಈಗೇನು ಮಾಡುವುದು? ಒಂದು ನೋಟ್‌ಬುಕ್ ಇಡಿ. ಹೋದ ಹೊತ್ತು, ಬಂದ ಹೊತ್ತು, ಮಾಡಿದ ಕೆಲಸ, ಹೊಸದಾಗಿ ಕಲಿತದ್ದು ದಿನವೂ ಬರೆಯಿರಿ. ತಿಂಗಳಾದ ಮೇಲೆ ಅದನ್ನು ಮುಂದಿಟ್ಟು, “ಸಾರ್, ಇಂಥ ಕೆಲಸ ನನಗೆ ಕಲಿಸಿಕೊಡಿ” ಎಂದು ಹೆಸರು ಹಿಡಿದು ಕೇಳಿ. ಬರೀ “ಬೇಜಾರು” ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಂಗ್ಲಿಷಿನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಅಸಲು ಅಂಕಪಟ್ಟಿಯನ್ನು ಯಾರ ಬೀರುವಿನಲ್ಲೂ ಬಿಡಬೇಡಿ. ವಾರದಲ್ಲಿ ಒಂದು ದಿನವನ್ನಾದರೂ ಸಂಬಳದ ಕೆಲಸ ಹುಡುಕಲು ಮೀಸಲಿಡಿ. ಬಿಡುವ ತಾರೀಖನ್ನು ಈಗಲೇ ಗುರುತು ಹಾಕಿಕೊಳ್ಳಿ. ಬಿಡುವಾಗ ಲೆಟರ್‌ಹೆಡ್ಡಿನಲ್ಲಿ, ಮಾಡಿದ ಕೆಲಸದ ವಿವರದೊಂದಿಗೆ ಅನುಭವ ಪತ್ರ ಬರೆಸಿಕೊಳ್ಳಿ.

ಮನೆಯವರು “ಇದನ್ನೂ ಬಿಟ್ಟೆಯಾ?” ಎಂದು ಕೇಳಬಹುದು. ನೋಟ್‌ಬುಕ್ ತೆಗೆದು ತೋರಿಸಿ. ಸೋಮಾರಿಗೆ ಅಂಥ ಲೆಕ್ಕ ಇರುವುದಿಲ್ಲ.

ಕಲಿಯಲು ನಾಚಿಕೆ ಬೇಡ. ಕಸ ಗುಡಿಸಲೂ ನಾಚಿಕೆ ಬೇಡ. ಗುಡಿಸಿದ್ದಕ್ಕೆ ಕೂಲಿ ಕೇಳಲು ಮಾತ್ರ ಯಾಕೆ ನಾಚಿಕೆ? ಕೇಳಿ. ಒಬ್ಬೊಬ್ಬರೇ ಕೇಳಲು ಅಂಜಿಕೆಯಾದರೆ ನಾಲ್ಕು ಜನ ಸೇರಿ ಕೇಳಿ!