ಹೊಳಪಿನ ಹುಟ್ಟು
(ಶತಮಾನೋತ್ಸವದ ವಿದ್ಯಾರ್ಥಿ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ತಾಯಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳೊಡನೆ ಗುರುಮನೆಗೆ ಬಂದರು. ಹಿರಿಯವನನ್ನು ಮುಂದೆ ನಿಲ್ಲಿಸಿ, "ಸ್ವಾಮಿ, ಇವನು ಬ್ರಿಲಿಯಂಟ್" ಎಂದರು. ಕಿರಿಯವನ ಬಗ್ಗೆ ಏನನ್ನೂ ಹೇಳಲಿಲ್ಲ. ಅವನು ನೆಲ ನೋಡುತ್ತ ನಿಂತಿದ್ದನು. ಆ ರಾತ್ರಿ ನಾನು ನಿಘಂಟನ್ನು ತೆರೆದೆನು.

ಬ್ರಿಲಿಯಂಟ್ ಎಂದರೆ ಥಳಥಳಿಸುವಂಥದು. ಈ ಪದವು 17ನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿತು. ಫ್ರೆಂಚಿಗೆ ಇಟಾಲಿಯನ್ನಿನ 'ಬ್ರಿಲ್ಲಾರೆ'ಯಿಂದ. ಅದರ ಹಿಂದೆ ಲ್ಯಾಟಿನ್ನಿನ 'ಬೆರಿಲ್ಲುಸ್' ಎಂಬ ರತ್ನದ ಹೆಸರು ಇರಬಹುದೆಂದು ವಿದ್ವಾಂಸರ ಊಹೆ. ಆ ರತ್ನದ ಹೆಸರಾದರೋ ನಮ್ಮ ದೇಶದ್ದೇ. ಪ್ರಾಕೃತದ 'ವೇಳುರಿಯ' ಗ್ರೀಕಿನ ಮೂಲಕ ಲ್ಯಾಟಿನ್ನಿಗೆ ಹೋಯಿತು. ಸಂಸ್ಕೃತದ ವೈಡೂರ್ಯವೂ ಅದೇ ಬಳಗದ್ದು. ಈ ಹೆಸರು ದ್ರಾವಿಡ ಮೂಲದ್ದೆಂದೂ, ನಮ್ಮ ಬೇಲೂರಿನ ಹೆಸರಿನಿಂದಲೇ ಹುಟ್ಟಿರಬಹುದೆಂದೂ ಕೆಲವರು ಹೇಳುತ್ತಾರೆ. ಹೆಮ್ಮೆಪಡೋಣ, ಆದರೆ ಅದು ಇನ್ನೂ ಊಹೆಯೆಂಬುದನ್ನು ಮರೆಯದಿರೋಣ.

ಕ್ರಿ. ಶ. 79ರಲ್ಲಿ ಮಡಿದ ರೋಮಿನ ಪ್ಲಿನಿ ಈ ರತ್ನದ ಬಗ್ಗೆ ಬರೆದಿದ್ದಾನೆ. ಅದು ಭಾರತದಲ್ಲಿ ದೊರೆಯುತ್ತದೆ, ಬೇರೆಡೆ ಅಪರೂಪ ಎನ್ನುತ್ತಾನೆ. ಕುಶಲಕರ್ಮಿಗಳು ಅದನ್ನು ಆರು ಮುಖವಾಗಿ ಕೊರೆಯುತ್ತಿದ್ದರಂತೆ. ಕಾರಣವೇನು? ಕೊರೆಯದಿದ್ದರೆ ಅದರ ಬಣ್ಣ ಮಂಕು; ಕೋನಗಳ ಮೇಲೆ ಬೆಳಕು ಬಿದ್ದು ಮರಳಿದಾಗಲೇ ಅದಕ್ಕೆ ಕಳೆ.

ಮಧ್ಯಯುಗದ ಯೂರೋಪಿನಲ್ಲಿ ಇದೇ ಬಗೆಯ ಪಾರದರ್ಶಕ ಕಲ್ಲನ್ನು ಉಜ್ಜಿ, ಅಕ್ಷರಗಳನ್ನು ದೊಡ್ಡದಾಗಿ ತೋರಿಸುವ ಮಸೂರ ಮಾಡಿದರು. ಇಂದಿಗೂ ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕೆ 'ಬ್ರಿಲ್ಲೆ' ಎನ್ನುತ್ತಾರೆ. ಅದು ಬೆರಿಲ್ ಎಂಬ ಹೆಸರಿನಿಂದಲೇ ಬಂದ ಪದ. ಒಂದೇ ಕಲ್ಲು ಒಬ್ಬರಿಗೆ ಆಭರಣ, ಇನ್ನೊಬ್ಬರಿಗೆ ಕಣ್ಣು! ಪ್ರಕಟನಾ ಗ್ರಂಥದ 21ನೆಯ ಅಧ್ಯಾಯದಲ್ಲಿಯೂ ಬೆರಿಲ್ ಇದೆ. ಕಿರೀಟದಲ್ಲಲ್ಲ, ಹೊಸ ಜೆರುಸಲೇಮಿನ ಅಸ್ತಿವಾರದಲ್ಲಿ, ಎಂಟನೆಯ ಕಲ್ಲಾಗಿ.

ಪೋಷಕರೇ, ಯಾವ ರತ್ನವೂ ತನ್ನೊಳಗಿಂದಲೇ ಬೆಳಗುವುದಿಲ್ಲ. ಅದಕ್ಕೆ ಕೊರೆಯುವ ಕೈ ಬೇಕು, ಮೇಲೆ ಬೀಳುವ ಬೆಳಕೂ ಬೇಕು. ನಮ್ಮ ಮೆಚ್ಚುಗೆಯ ಬೆಳಕೆಲ್ಲ ಹಿರಿಯವನ ಮೇಲೆಯೇ ಬಿದ್ದರೆ ಕಿರಿಯವನು ಮಂಕಾಗಿ ತೋರುವುದು ಅವನ ತಪ್ಪಲ್ಲ. ಅಂದು ಆ ತಾಯಿಗೆ ನಾನು ಇದನ್ನು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆ ಬಾಲಕನ ಹೆಸರನ್ನು ಸಹ ಕೇಳದೆ ಕಳುಹಿಸಿಬಿಟ್ಟೆನು. ಆ ತಪ್ಪನ್ನು ಒಪ್ಪಿಕೊಂಡು ಈ ಮಾತನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ.