ಕಾಯಕಜೀವಿಗಳ ಸಂಘ ಮತ್ತು ನಮ್ಮ ಹೊಣೆ

(ಮೇ 1, 2025ರಂದು ಸಿರುಗುಪ್ಪದ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸ)

 

ನಿನ್ನೆ ಬಸವ ಜಯಂತಿ, ಇಂದು ಕಾರ್ಮಿಕರ ದಿನ. ಈ ವರ್ಷ ಎರಡೂ ಬೆನ್ನಿಗೆ ಬೆನ್ನು ಹಚ್ಚಿ ಬಂದಿವೆ. ನಿನ್ನೆ ಕಾಯಕದ ಮಹಿಮೆಯನ್ನು ಹಾಡಿದೆವು. ಇಂದು ಕಾಯಕ ಮಾಡುವವರ ಪಾಡು ಕೇಳೋಣ.

ನಾನು ಇಪ್ಪತ್ತೆರಡು ವರ್ಷ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದವನು. ತುಂಗಭದ್ರಾ ಕಾಲುವೆ ನೀರಿನಿಂದ ಈ ಸೀಮೆ ಭತ್ತದ ಕಣಜವಾಯಿತು. ಇಲ್ಲಿ ಭತ್ತದ ದರ ಕೇಳಿದರೆ 75 ಕಿಲೋ ಚೀಲಕ್ಕೆ ಇಷ್ಟು ಎಂದು ಹೇಳುತ್ತೇವೆ. ಆ ಚೀಲ ಒಬ್ಬ ಮನುಷ್ಯನ ಬೆನ್ನ ಮೇಲೆ ಲಾರಿ ಹತ್ತುತ್ತದೆ. ಗಂಡಾಳೊಬ್ಬ ಒಮ್ಮೆಗೆ ಹೊರುವ ಭಾರ 55 ಕಿಲೋ ದಾಟಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಚೀಲದಲ್ಲಿ ಅದಕ್ಕಿಂತ 20 ಕಿಲೋ ಹೆಚ್ಚು.

ಒಂದು ದಿನ ಗೋದಾಮಿನಲ್ಲಿ ಚೀಲದ ನಿಟ್ಟು ಜಾರಿ ಒಬ್ಬ ಹಮಾಲನ ಕಾಲು ಮುರಿಯಿತು. ಸಾಹುಕಾರರು, "ಅವನು ನಮ್ಮ ಆಳಲ್ಲ, ಮೇಸ್ತ್ರಿಯ ಗ್ಯಾಂಗಿನವನು" ಎಂದರು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ತೆರೆದು ನೋಡಿದೆ. ಎಷ್ಟು ಚೀಲ ಇಳಿದವು, ಎಷ್ಟು ಏರಿದವು ಎಲ್ಲವೂ ನನ್ನದೇ ಅಕ್ಷರದಲ್ಲಿತ್ತು. ಹೊತ್ತವನ ಹೆಸರು ಎಲ್ಲಿಯೂ ಇರಲಿಲ್ಲ. ಹನ್ನೊಂದು ವರ್ಷ ಅವನನ್ನು ದಿನಾ ಕಂಡ ನಾನು ಒಂದು ಮಾತು ಸಾಕ್ಷಿ ಹೇಳಲಿಲ್ಲ. ಆ ಸೋಮವಾರ ಇದೇ ರೀತಿಯ ಸಭೆಯಲ್ಲಿ ಕಾಯಕದ ಮೇಲೆ ಮಾತಾಡಿ ಚಪ್ಪಾಳೆ ಪಡೆದೆ. ಅದರ ನಾಚಿಕೆ ಇನ್ನೂ ಹೋಗಿಲ್ಲ.

ಅವನ ಗ್ಯಾಂಗಿನವರು ಏನು ಮಾಡಿದರು ಗೊತ್ತೇ? ದಿನದ ದುಡಿಮೆಯನ್ನು ಸಂಜೆ ಪಾಲು ಹಾಕುವಾಗ ಅವನದೂ ಒಂದು ಪಾಲು ಎತ್ತಿಟ್ಟರು. ನಾಲ್ಕು ತಿಂಗಳು ಹಾಗೆಯೇ ಮಾಡಿದರು. ಅವರಲ್ಲಿ ಮುಸ್ಲಿಮರಿದ್ದರು, ಮಾದಿಗರಿದ್ದರು, ವಾಲ್ಮೀಕಿಯವರಿದ್ದರು, ನಮ್ಮವರೂ ಇದ್ದರು. ದಾಸೋಹ ಎಂಬ ಪದವನ್ನು ಅವರು ಬಾಯಲ್ಲಿ ಆಡಲಿಲ್ಲ, ಮಾಡಿ ತೋರಿಸಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯನವರನ್ನು ಒಂದೇ ಸಾಲಿನಲ್ಲಿ ಕೂರಿಸಿದ ಪರಂಪರೆ ನಮ್ಮದು ಎನ್ನುತ್ತೇವೆ. ಆ ಸಾಲು ಆ ಸಂಜೆ ನನಗೆ ಗೋದಾಮಿನ ಅಂಗಳದಲ್ಲಿ ಕಂಡಿತು.

ಹಮಾಲರು ಕೂಲಿ ಹೆಚ್ಚಿಸಿ ಎಂದು ಕೇಳಿದಾಗಲೆಲ್ಲ ನಮ್ಮಲ್ಲಿ ಕೆಲವರು ಆಯ್ದಕ್ಕಿ ಲಕ್ಕಮ್ಮನವರ ಕಥೆ ಹೇಳುತ್ತಾರೆ. ಪತಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದವರು ಆ ತಾಯಿ. "ನೋಡಿ, ಶರಣರು ಹೆಚ್ಚು ಬಯಸಲಿಲ್ಲ" ಎಂದು ದುಡಿಯುವವನಿಗೆ ಬುದ್ಧಿ ಹೇಳುತ್ತೇವೆ. ಆದರೆ ತನ್ನದಲ್ಲದ್ದು ಮನೆಯೊಳಗೆ ಬರಬಾರದು ಎಂಬುದಲ್ಲವೇ ಆ ತಾಯಿಯ ನೇಮ? ಹಾಗಾದರೆ ಹಮಾಲನಿಗೆ ಸಲ್ಲಬೇಕಾದ ಕೂಲಿ ಯಾರ ಮನೆಯಲ್ಲಿ ಉಳಿದಿದೆಯೋ, ಆ ನೇಮ ಮೊದಲು ಆ ಮನೆಗೆ ಸಲ್ಲುತ್ತದೆ. ಇನ್ನೊಂದು ಮಾತು. ಲಕ್ಕಮ್ಮನವರು ತಿದ್ದಿದ್ದು ಬೇರೆಯವರನ್ನಲ್ಲ, ತಮ್ಮ ಪತಿಯನ್ನೇ. ಗಿರಣಿ ಮಾಲೀಕರಲ್ಲಿ, ದಲಾಲಿ ಅಂಗಡಿಯವರಲ್ಲಿ ನಮ್ಮವರು ಅನೇಕರಿದ್ದಾರೆ. ನಮ್ಮವರಿಗೆ ಹೇಳಲು ನಾವು ಹಿಂಜರಿದರೆ ಇನ್ನು ಯಾರು ಹೇಳಬೇಕು?

ಸಂಘ ಕಟ್ಟುವುದು ಜಗಳಕ್ಕೆ ದಾರಿ ಎಂದು ಅನೇಕರ ಭಯ. ಏಳು ಜನ ಸೇರಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದೆಂದು 1926ರ ಕಾಯ್ದೆ, ಬ್ರಿಟಿಷರ ಕಾಲದಲ್ಲೇ, ಹೇಳಿತು. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ನಮ್ಮ ಸಂವಿಧಾನ 19ನೇ ವಿಧಿಯಲ್ಲಿ ಕೊಟ್ಟಿದೆ. ನೆರೆಯ ಮಹಾರಾಷ್ಟ್ರದಲ್ಲಿ 1969ರಲ್ಲಿ ಹಮಾಲರಿಗಾಗಿಯೇ ಕಾಯ್ದೆ ಬಂತು. ಅದರಂತೆ ಹಮಾಲರು, ವ್ಯಾಪಾರಿಗಳು, ಸರ್ಕಾರದವರು ಒಂದೇ ಮಂಡಳಿಯಲ್ಲಿ ಕೂರುತ್ತಾರೆ. ಕೂಲಿಯ ಜೊತೆಗೆ ವ್ಯಾಪಾರಿಗಳು ಮಂಡಳಿಗೆ ಕಟ್ಟುವ ಹಣದಿಂದ ಭವಿಷ್ಯ ನಿಧಿ, ಗ್ರಾಚ್ಯುಟಿ ನಡೆಯುತ್ತವೆ. ಪುಣೆಯಲ್ಲಿ ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತಿನಂಥ ಸಂಘಗಳು ಹೋರಾಡಿದ್ದರಿಂದ ಇದು ಸಾಧ್ಯವಾಯಿತು. ಅದರಿಂದ ಅಲ್ಲಿನ ವ್ಯಾಪಾರವೇನೂ ನಿಂತುಹೋಗಲಿಲ್ಲ.

ಹಮಾಲರ ಮಾತನ್ನೇ ಹೇಳಿದೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ, ಗುಂಡಿ ಹಚ್ಚುವ ಅಕ್ಕಂದಿರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ, ಭತ್ತ ನಾಟಿ ಮಾಡುವ ತಾಯಂದಿರಿದ್ದಾರೆ. ಅವರ ಹೆಸರೂ ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬೊಬ್ಬರೇ ಹೋಗಿ ಕೇಳಿದರೆ "ನಾಳೆಯಿಂದ ಬರಬೇಡ" ಎನ್ನುವುದು ಸುಲಭ. ನಲವತ್ತು ಜನ ಕೂಡಿ ಕೇಳಿದರೆ ಕೂತು ಮಾತಾಡಲೇಬೇಕಾಗುತ್ತದೆ.

ನಮ್ಮ ಕೈಲಾಗುವ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ. ಮೊದಲನೆಯದು, ಮಠದ ಸಭಾಭವನದಲ್ಲಿ ಕಾರ್ಮಿಕ ಇಲಾಖೆಯವರನ್ನು ಕರೆಸಿ ಹಮಾಲರು, ಮನೆಕೆಲಸದವರು, ಟೈಲರ್‌ಗಳಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಕಾರ್ಡು, ಇ-ಶ್ರಮ್ ಕಾರ್ಡು ಮಾಡಿಸೋಣ. ಎರಡನೆಯದು, ಗಿರಣಿ ನಡೆಸುವ ಶರಣರು 50 ಕಿಲೋ ಚೀಲಕ್ಕೆ ಬರಲಿ, ಕೆಲಸಕ್ಕೆ ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆಸಲಿ. ಮೂರನೆಯದು, ಹಮಾಲಿ ದರದ ಮಾತುಕತೆ ನಡೆಯುವಾಗ ನಮ್ಮಲ್ಲಿ ಇಬ್ಬರು ಹಿರಿಯರು ಸಾಕ್ಷಿಯಾಗಿ ಕೂರಲಿ.

ನಾಲ್ಕನೆಯದು ತುಸು ಕಠಿಣ. ದಾಸೋಹದ ಅಡುಗೆಯವರು, ನಮ್ಮ ಶಾಲೆಗಳ ಆಯಾಗಳು, ಬಸ್ಸಿನ ಚಾಲಕರಿಗೆ ಕನಿಷ್ಠ ವೇತನ ಸಿಗುತ್ತಿದೆಯೇ ಎಂದು ನಾವೇ ಲೆಕ್ಕ ತೆಗೆಯೋಣ. ಪೂಜ್ಯರು ಈ ಮಾತನ್ನು ತಪ್ಪು ತಿಳಿಯಲಾರರು ಎಂಬ ನಂಬಿಕೆಯಿಂದಲೇ ಹೇಳುತ್ತಿದ್ದೇನೆ. ಮಠದ ಅಂಗಳದಲ್ಲಿ ಸರಿಯಾದರೆ ಗಿರಣಿಯ ಅಂಗಳದಲ್ಲಿ ಕೇಳುವ ಧೈರ್ಯ ನಮಗೆ ಬರುತ್ತದೆ.

ಕಾಲು ಮುರಿದ ಆ ಅಣ್ಣ ಈಗಿಲ್ಲ. ಅವನ ಮಗ ಇಂದು ಸಂಘದ ಸದಸ್ಯನಾಗಿ ಈ ಸಭೆಯಲ್ಲಿ ಕೂತಿದ್ದಾನೆ. ಅಂದು ನಾನು ಹೇಳದ ಸಾಕ್ಷಿಯನ್ನು ಇಂದು ಅವನ ಮುಂದೆ ಹೇಳಿದ್ದೇನೆ. ತಡವಾಯಿತು ತಮ್ಮಾ, ಕ್ಷಮೆ ಇರಲಿ.