ಯಂತ್ರದ ಕಿವಿಗೆ ಹಾಡುವುದು



ಹಾಡನ್ನು ಯಂತ್ರದಲ್ಲಿ ಹಿಡಿದಿಡುವುದು ಒಂದು ಕಾಲಕ್ಕೆ ಕೆಲವೇ ಮಂದಿ ವಿದ್ವಾಂಸರಿಗೆ ದೊರೆಯುತ್ತಿದ್ದ ಭಾಗ್ಯವಾಗಿತ್ತು. ಈಗ ಅದು ಕೈಯಲ್ಲೊಂದು ಮೊಬೈಲು ಇರುವ ಎಲ್ಲರಿಗೂ ಸುಲಭಸಾಧ್ಯ. ಮಗಳ ದೇವರನಾಮ, ಅಜ್ಜಿಯ ಹಸೆಯ ಹಾಡು, ಸಂಗೀತದ ಮೇಷ್ಟರ ಆಲಾಪನೆ, ಎಲ್ಲವೂ ಮನೆಮನೆಯಲ್ಲಿಯೂ ಮುದ್ರಿತವಾಗುತ್ತಿವೆ. ಆದರೆ ಮುದ್ರಿಸಿದ್ದನ್ನು ಮರಳಿ ಕೇಳುವಾಗ ಅನೇಕರ ಮುಖ ಬಾಡುವುದುಂಟು. “ಹಾಡಿದಾಗ ಸೊಗಸಾಗಿತ್ತಲ್ಲ, ಇದರಲ್ಲಿ ಹೀಗೇಕೆ?” ಎಂದು ಒಬ್ಬರು ಕಂಠವನ್ನು ಹಳಿಯುತ್ತಾರೆ, ಮತ್ತೊಬ್ಬರು ಯಂತ್ರವನ್ನು ಹಳಿಯುತ್ತಾರೆ. ವಿಚಾರಮಾಡಿ ನೋಡಿದರೆ ದೋಷ ಬಹುಮಟ್ಟಿಗೆ ಎರಡರದೂ ಅಲ್ಲ. ಯಂತ್ರದ ಕಿವಿಯೂ ಮನುಷ್ಯನ ಕಿವಿಯಂತೆಯೇ ಕೇಳುತ್ತದೆಂದು ನಾವು ನಂಬಿರುವುದೇ ದೋಷದ ಮೂಲ.

ನಮ್ಮ ಕಿವಿ ಮನಸ್ಸಿನ ಸೇವಕ. ಕಚೇರಿಯಲ್ಲಿ ಪಕ್ಕದವರು ಕೆಮ್ಮಿದರೂ, ಹೊರಗೆ ಗಾಡಿ ಸದ್ದುಮಾಡಿದರೂ, ಬೇಕಾದುದನ್ನು ಆರಿಸಿಕೊಂಡು ಬೇಡವಾದುದನ್ನು ಬಿಟ್ಟುಬಿಡುತ್ತದೆ. ಮೈಕ್ರೋಫೋನಿಗೆ ಈ ವಿವೇಕವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಅದಕ್ಕೆ ತ್ಯಾಗರಾಜರ ಕೀರ್ತನೆಯೂ ಒಂದೇ, ತಲೆಯ ಮೇಲೆ ತಿರುಗುವ ಫ್ಯಾನೂ ಒಂದೇ.

ಈ ಯಂತ್ರಕ್ಕೆ ತಕ್ಕಂತೆ ಹಾಡುವುದು ಒಂದು ಪ್ರತ್ಯೇಕವಾದ ಕುಶಲತೆಯೆಂಬುದನ್ನು ನಮ್ಮ ದೇಶದ ಮೊದಲ ಗಾಯಕರೇ ಕಂಡುಕೊಂಡರು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಆಗ ವಿದ್ಯುತ್ತಿನ ಮೈಕು ಬಳಕೆಗೆ ಬಂದಿರಲಿಲ್ಲ. ತುತ್ತೂರಿಯಂಥ ದೊಡ್ಡ ಕೊಳವೆಯ ಬಾಯಿಗೆ ಹಾಡಬೇಕಾಗಿತ್ತು. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಗಿತ್ತು. ಆಕೆ ಇದನ್ನೆಲ್ಲ ಸಾಧಿಸಿ, ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. 1925ರ ಸುಮಾರಿಗೆ ಕೊಳವೆ ಹೋಗಿ ಮೈಕು ಬಂದಿತು. ಕೂಗಿ ಹಾಡುವ ಅಗತ್ಯ ತಪ್ಪಿತು. ಆದರೆ ಹೊಸ ಎಚ್ಚರಗಳು ಬೇಕಾದುವು.

ಮೊದಲನೆಯದು ಸ್ಥಳದ ಎಚ್ಚರ. ಬಚ್ಚಲುಮನೆಯಲ್ಲಿ ಎಲ್ಲರೂ ಗಾಯಕರೇ ಎಂಬ ಮಾತುಂಟಷ್ಟೆ. ಬರಿಯ ಗೋಡೆ, ನುಣುಪಾದ ನೆಲ ಇರುವ ಕಡೆ ಧ್ವನಿ ಪುಟಿದು ಬಂದು ಕಂಠಕ್ಕೆ ತುಂಬುತನ ಬಂದಂತೆ ತೋರುತ್ತದೆ. ಅದೇ ಅನುರಣನ ಮುದ್ರಣದಲ್ಲಿ ಸಾಹಿತ್ಯದ ಅಕ್ಷರಗಳನ್ನು ಕಲಸಿಬಿಡುತ್ತದೆ. ಅನುರಣನವನ್ನು ಆಮೇಲೆ ಸೇರಿಸುವುದು ಸುಲಭ. ಸೇರಿಹೋದುದನ್ನು ಸ್ವಚ್ಛವಾಗಿ ತೆಗೆಯುವುದು ಬಲು ಕಷ್ಟ. ಆದಕಾರಣ ಖಾಲಿ ಹಜಾರಕ್ಕಿಂತ ಹಾಸಿಗೆ, ಪರದೆ, ಬಟ್ಟೆಬರೆ ತುಂಬಿದ ಮಲಗುವ ಕೋಣೆಯೇ ಮೇಲು. ಹಾಡುವವರ ಹಿಂದೆ ದಪ್ಪನೆಯ ಕಂಬಳಿಯೊಂದನ್ನು ತೂಗುಹಾಕಿದರೆ ಮತ್ತೂ ಒಳ್ಳೆಯದು. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸುವವರೂ ಉಂಟು. ಹಗುರವಾದ ಆ ರಟ್ಟು ಹೊರಗಿನ ಗದ್ದಲವನ್ನು ತಡೆಯಲಾರದು, ಒಳಗಿನ ಮಾರ್ದನಿಯನ್ನೂ ಹೆಚ್ಚಾಗಿ ಹೀರಲಾರದು. ಹಾಡಲು ಆರಂಭಿಸುವ ಮೊದಲು ಒಂದು ನಿಮಿಷ ಸುಮ್ಮನೆ ಕುಳಿತು ಆ ಮೌನವನ್ನೇ ಮುದ್ರಿಸಿ ಕೇಳಬೇಕು. ಫ್ಯಾನು, ಫ್ರಿಜ್ಜು, ಪಕ್ಕದ ಮನೆಯ ಕುಕ್ಕರು, ಕೈಬಳೆ, ಎಲ್ಲವೂ ಆಗ ತಮ್ಮ ಗುಟ್ಟನ್ನು ಬಿಟ್ಟುಕೊಡುತ್ತವೆ.

ಎರಡನೆಯದು ದೂರದ ಎಚ್ಚರ. ಬಾಯಿಗೂ ಮೈಕಿಗೂ ಇರುವ ದೂರ ಎರಡರಷ್ಟಾದರೆ ನೇರವಾಗಿ ತಲಪುವ ಧ್ವನಿಯ ತೀವ್ರತೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಕೋಣೆಯ ಮಾರ್ದನಿಯಾದರೋ ಅಷ್ಟಾಗಿ ಕಡಮೆಯಾಗುವುದಿಲ್ಲ. ದೂರ ನಿಂತು ಹಾಡಿದರೆ ಯಂತ್ರದಲ್ಲಿ ಉಳಿಯುವುದು ಗಾಯಕರಿಗಿಂತ ಕೋಣೆಯೇ ಹೆಚ್ಚು. ಹಾಗೆಂದು ಮೈಕನ್ನು ತುಟಿಗೆ ಒತ್ತಿಕೊಳ್ಳಲೂ ಕೂಡದು. ಒಂದು ದಿಕ್ಕಿನಿಂದ ಬರುವ ಧ್ವನಿಯನ್ನೇ ವಿಶೇಷವಾಗಿ ಗ್ರಹಿಸುವ ಮೈಕುಗಳಲ್ಲಿ ಅತಿ ಸಾಮೀಪ್ಯದಿಂದ ಮಂದ್ರದ ನಾದ ಅಸಹಜವಾಗಿ ಉಬ್ಬುತ್ತದೆ. ಒಂದು ಗೇಣಿನ ಅಂತರ ಸಾಮಾನ್ಯವಾಗಿ ಹಿತವಾದದ್ದು. ಮೊಬೈಲಿನಲ್ಲಿ ಮುದ್ರಿಸುವವರು ಅದರ ಮೈಕಿನ ರಂಧ್ರ ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುವುದನ್ನು ಮರೆತು ಅಂಗೈಯಿಂದ ಮುಚ್ಚಿಬಿಡುತ್ತಾರೆ. ಅದನ್ನು ಮಡಿಸಿದ ಬಟ್ಟೆಯ ಮೇಲಿಟ್ಟು, ಕರೆಗಳು ಬಾರದಂತೆ ಮಾಡಿ, ಹಾಡುವುದು ಲೇಸು.

ಇಲ್ಲಿ ನಮ್ಮ ಭಾಷೆಗೆ ಸಂಬಂಧಪಟ್ಟ ಸಂಗತಿಯೊಂದಿದೆ. ಪ, ಬ ಎಂಬ ಅಕ್ಷರಗಳನ್ನು ನುಡಿಯುವಾಗ ತುಟಿಯಿಂದ ಗಾಳಿ ಚಿಮ್ಮುತ್ತದೆ. ಫ, ಭ ಎಂಬ ಮಹಾಪ್ರಾಣಗಳಲ್ಲಿ ಅದು ಇನ್ನೂ ಬಲವಾಗುತ್ತದೆ. ಆ ಗಾಳಿ ಮೈಕಿಗೆ ನೇರವಾಗಿ ಬಡಿದರೆ ‘ಧಪ್’ ಎಂದು ಸದ್ದಾಗುತ್ತದೆ. ಇದಕ್ಕೆ ಹೆದರಿ ‘ಭಕ್ತಿ’ಯನ್ನು ‘ಬಕ್ತಿ’ಯಾಗಿಸುವುದು ಪರಿಹಾರವಲ್ಲ. ಕಸೂತಿಯ ಬಳೆಗೆ ತೆಳುವಾದ ಬಟ್ಟೆಯನ್ನು ಬಿಗಿದು ಮೈಕಿನ ಮುಂದೆ ನಾಲ್ಕು ಬೆರಳಿನ ಅಂತರದಲ್ಲಿ ನಿಲ್ಲಿಸಬೇಕು, ಇಲ್ಲವೆ ಮೈಕನ್ನು ಬಾಯಿಗೆ ನೇರವಾಗಿಡದೆ ತುಸು ಓರೆಯಾಗಿಡಬೇಕು. ಸ, ಶ, ಷಗಳ ಸೀಳುದನಿಯೂ ಇದರಿಂದಲೇ ತಗ್ಗುತ್ತದೆ.

ಮೂರನೆಯದು ಪ್ರಮಾಣದ ಎಚ್ಚರ. ಈಗಿನ ಡಿಜಿಟಲ್ ಯಂತ್ರಕ್ಕೆ ಒಂದು ಮೇಲಿನ ಮಿತಿಯುಂಟು. ಸೇರಿನ ಮೇಲೆ ಗೋಪುರವಾಗಿ ನಿಂತ ಅಕ್ಕಿಯನ್ನು ಕೋಲಿನಿಂದ ಸವರಿದಂತೆ, ಆ ಮಿತಿಯನ್ನು ಮೀರಿದ ಧ್ವನಿಯ ಅಲೆಗಳ ತಲೆಯನ್ನು ಅದು ಸವರಿಬಿಡುತ್ತದೆ. ಕೇಳುವವರಿಗೆ ಅದು ಒಡಕು ದನಿಯಾಗಿ ಕಾಣುತ್ತದೆ. ಹೋದದ್ದನ್ನು ಮುಂದೆ ಪೂರ್ಣವಾಗಿ ತರಲಾಗದು. ಜನ ಮಂದ್ರದಲ್ಲಿ ಗುನುಗಿ ಪರೀಕ್ಷೆ ಮಾಡಿ ತಾರಸ್ಥಾಯಿಯಲ್ಲಿ ಮೋಸಹೋಗುತ್ತಾರೆ. ಹಾಡಿನ ಅತ್ಯುಚ್ಚ ಸಂಗತಿಯನ್ನೇ ಮೊದಲು ಹಾಡಿ, ಅದು ಮಿತಿಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಅಳವಡಿಸಿಕೊಳ್ಳತಕ್ಕದ್ದು.

ನಾಲ್ಕನೆಯದು ಶ್ರುತಿಯ ಎಚ್ಚರ. ಶ್ರುತಿಪೆಟ್ಟಿಗೆಯ ಅಥವಾ ಪಕ್ಕವಾದ್ಯದ ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸುವುದಾದರೆ ಅದನ್ನು ಹೆಡ್‌ಫೋನಿನಲ್ಲಿ ಕೇಳಬೇಕು. ಇಲ್ಲವಾದರೆ ಅದೂ ಮೈಕಿನೊಳಗೆ ನುಸುಳುತ್ತದೆ. ಆದರೆ ಎರಡು ಕಿವಿಗಳಿಗೂ ಗಟ್ಟಿಯಾಗಿ ತುಂಬಿಕೊಂಡರೆ ತನ್ನ ಕಂಠ ತನಗೆ ಕೇಳಿಸದೆ ಸ್ವರ ಜಾರುತ್ತದೆ. ಒಂದು ಕಿವಿಯನ್ನು ಅರ್ಧ ತೆರೆದಿಡುವುದು ಅನೇಕ ಗಾಯಕರ ರೂಢಿ. ಮುದ್ರಿತವಾದ ದನಿ ಪರಕೀಯವೆನಿಸಿದರೆ ಅಂಜಬೇಕಾಗಿಲ್ಲ. ನಮ್ಮ ದನಿ ನಮಗೆ ಗಾಳಿಯಿಂದಲ್ಲದೆ ತಲೆಯ ಎಲುಬಿನ ಮೂಲಕವೂ ಕೇಳಿಸುವುದರಿಂದ ಅದು ನಮಗೆ ಹೆಚ್ಚು ಗಂಭೀರವಾಗಿ ತೋರುತ್ತದೆ, ಅಷ್ಟೆ. ಆ ಕಾರಣಕ್ಕೆ ಕಂಠವನ್ನು ಕೃತಕವಾಗಿ ತಗ್ಗಿಸುವುದು ಸಲ್ಲದು.

ಕೊನೆಯದೂ ದೊಡ್ಡದೂ ಆದ ತಪ್ಪು, “ಆಮೇಲೆ ಸರಿಪಡಿಸಿದರಾಯಿತು” ಎಂಬ ಧೈರ್ಯ. 1997ರಲ್ಲಿ ಆಟೋ‌ಟ್ಯೂನ್ ಎಂಬ ಸಾಧನ ಬಂದಿತು. ತಪ್ಪಿದ ಸ್ವರವನ್ನು ಸಮೀಪದ ನಿಯತ ಸ್ಥಾನಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಆದರೆ ತೋಡಿಯ ಗಾಂಧಾರವನ್ನು ನೋಡಿರಿ. ಅದು ಒಂದೆಡೆ ಕೂರುವ ಸ್ವರವೇ ಅಲ್ಲ. ತೂಗಾಟವೇ ಅದರ ಜೀವ. ಸ್ಥಿರವಾದ ಹನ್ನೆರಡು ಮನೆಗಳನ್ನು ಮಾತ್ರ ಬಲ್ಲ ಯಂತ್ರಕ್ಕೆ ಆ ಗಮಕ ಅಪಸ್ವರವಾಗಿ ತೋರುತ್ತದೆ. ಕಡುವಾಗಿ ತಿದ್ದಿದರೆ ತಪ್ಪಿನೊಡನೆ ರಾಗವೂ ಹೋಗುತ್ತದೆ. ತಿದ್ದುವುದಕ್ಕಿಂತ ನೀರು ಕುಡಿದು, ದಣಿವಾರಿಸಿಕೊಂಡು, ಇನ್ನೊಮ್ಮೆ ಇಡಿಯಾಗಿ ಹಾಡುವುದು ಮೇಲು.

ಕಲಿಯುವವರಿಗೆ ‘ಇನ್ನೊಮ್ಮೆ’ ಎಂಬುದುಂಟು. ಎಂಬತ್ತು ವರ್ಷದ ಅಜ್ಜಿ ಬೀಸುವ ಹಾಡನ್ನು ನೆನಪಿಸಿಕೊಂಡು ಹಾಡುವಾಗ ಆ ಅವಕಾಶ ಇದ್ದೇ ಇರುವುದೆಂದು ಹೇಳುವಂತಿಲ್ಲ. ಫ್ಯಾನು ನಿಲ್ಲಿಸುವುದು, ದೂರ ನೋಡುವುದು, ಪ್ರಮಾಣ ಅಳೆಯುವುದು, ಎಲ್ಲವನ್ನೂ ಆಕೆಯನ್ನು ಕೂರಿಸುವ ಮೊದಲೇ ಮುಗಿಸಿಕೊಳ್ಳಬೇಕು. ಹಾಡು ತೊಡಗಿದ ಮೇಲೆ ತಡೆಯಬಾರದು. ನಡುವೆ ಮರೆತು ನಿಂತರೂ ಯಂತ್ರವನ್ನು ನಿಲ್ಲಿಸಬಾರದು, ಮರೆತದ್ದು ಮರಳಿ ಬರಬಹುದು. ಮುಗಿದ ಮೇಲೆ ಗೌಹರ್ ಜಾನರಂತೆ ಆಕೆಯ ಬಾಯಿಂದಲೇ ಹೆಸರು, ಊರು, ಹಾಡು ಯಾರಿಂದ ಬಂದಿತೆಂಬುದನ್ನು ಹೇಳಿಸಿ, ದಿನಾಂಕವನ್ನೂ ಸೇರಿಸಬೇಕು. ತಿದ್ದದ ಮೂಲಪ್ರತಿಯನ್ನು ಎರಡು ಬೇರೆ ಕಡೆಗಳಲ್ಲಿ ಕಾಪಾಡಬೇಕು. ಹಾಗೆ ಮಾಡಿದರೆ, ಮುಂದೆ ಆ ಮನೆಯಲ್ಲಿ ಹುಟ್ಟುವ ಮಗುವಿಗೆ ಹಾಡಿನೊಡನೆ ಹಾಡಿದವರೂ ದೊರೆಯುತ್ತಾರೆ.